ಎತ್ತರ ಬಾನೆಟ್ಟಿನ ಜೀಪಿನ ಪರವಾಗಿ

ಹಳೇ ಜೀಪಿನ ಹುಚ್ಚು ಹತ್ತಿದವರನ್ನ "ನಿಮಗೆ ಎಂಥಾ ಜೀಪು ಬೇಕು?" ಅಂತ ಕೇಳಿ ನೋಡಿ. ಹೆಚ್ಚಿನವರದ್ದು ಒಂದೇ ಉತ್ತರ: "ಲೋ ಬಾನೆಟ್ ವಿಲ್ಲೀಸ್." ಎರಡನೇ ಮಹಾಯುದ್ಧದಲ್ಲಿ ಓಡಾಡಿದ್ದು, ಹಸಿರು ಬಣ್ಣ, ಬಾನೆಟ್ ಮೇಲೆ ಬಿಳೀ ನಕ್ಷತ್ರ. ಸಿನಿಮಾದಲ್ಲಿ ನೋಡಿರ್ತೀವಲ್ಲ, ಅದು. ಹಳೇ ವಾಹನಗಳ ಪ್ರದರ್ಶನ ಎಲ್ಲೇ ನಡೆದರೂ ಮೊಬೈಲ್ ಹಿಡಿದ ಜನ ಮುತ್ತಿಕೊಳ್ಳೋದು ಅದನ್ನೇ.

ಅದರ ಪಕ್ಕದಲ್ಲೇ ಇನ್ನೊಂದು ಜೀಪು ನಿಂತಿರುತ್ತೆ. ಅದೇ ಚಪ್ಪಟೆ ಮಡ್‌ಗಾರ್ಡು, ಅದೇ ದುಂಡು ದೀಪ. ಆದರೆ ಬಾನೆಟ್ ಮಾತ್ರ ಒಂದು ಗೇಣು ಮೇಲೆದ್ದಂತಿದ್ದು, ಮುಂಭಾಗ ಉದ್ದಕ್ಕೆ ಇಳಿಬಿದ್ದಿರುತ್ತೆ. ಒಂದೇ ಮಾತಲ್ಲಿ ಹೇಳೋದಾದ್ರೆ ಕುದುರೆಮುಖ :-) ಅದರ ಹೆಸರು ಸಿಜೆ-3ಬಿ. ನಮ್ಮ ಕಡೆ ಹೈ ಬಾನೆಟ್ ಅಂತಾರೆ. ಅದರ ಫೋಟೋ ಯಾರೂ ತೆಗೆಯಲ್ಲ.

ನನ್ನ ಅಭಿಪ್ರಾಯ ಕೇಳೋದಾದರೆ, ನಮ್ಮ ದೇಶಕ್ಕೆ, ಅದರಲ್ಲೂ ನಮ್ಮ ದಾವಣಗೆರೆ-ಹರಿಹರದಂಥ ಊರುಗಳಿಗೆ, ನಿಜವಾದ ಕ್ಲಾಸಿಕ್ ಅಂದ್ರೆ ಇದೇ. ಈಗ ಇದನ್ನ ಇಷ್ಟಪಡೋರೂ, ಇಷ್ಟಪಡದೋರೂ, ಸರ್ಕಾರವೂ ಸೇರಿ ಮುಗಿಸ್ತಾ ಇದ್ದಾರೆ. ಅದಕ್ಕೇ ಈ ಬರಹ.

ಮೊದಲು ಆ ಬಾನೆಟ್ ಯಾಕೆ ಎತ್ತರ ಆಯ್ತು ಅನ್ನೋದನ್ನ ಹೇಳಿಬಿಡ್ತೀನಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಸೈನ್ಯಕ್ಕೆ ಸುಮಾರು 6.4 ಲಕ್ಷ ಜೀಪು ಮಾಡಿಕೊಟ್ಟವು. ಯುದ್ಧ ಮುಗೀತು. ಕಾರ್ಖಾನೆ ನಡೀಬೇಕಲ್ಲ? ವಿಲ್ಲೀಸ್‌ನವರು ಅದೇ ಜೀಪನ್ನ ರೈತರಿಗೆ ಮಾರೋಕೆ ಹೊರಟರು. "ಸಿವಿಲಿಯನ್ ಜೀಪ್" ಅನ್ನೋದರ ಚಿಕ್ಕ ರೂಪವೇ ಸಿಜೆ. 1945ರಲ್ಲಿ ಸಿಜೆ-2ಎ ಬಂತು, ಆಮೇಲೆ ಸಿಜೆ-3ಎ. ಇವೆರಡರಲ್ಲೂ ಯುದ್ಧಕಾಲದ "ಗೋ ಡೆವಿಲ್" ಎಂಜಿನ್ನೇ ಇತ್ತು. 2.2 ಲೀಟರ್, 60 ಅಶ್ವಶಕ್ತಿ. ಅದರಲ್ಲಿ ಗಾಳಿ ಒಳಗೆ ಬರೋ ವಾಲ್ವು, ಹೊಗೆ ಹೊರಗೆ ಹೋಗೋ ವಾಲ್ವು ಎರಡೂ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರ್ತಿದ್ದವು. ಹಾಗಾಗಿ ಎಂಜಿನ್ ಕುಳ್ಳ, ಬಾನೆಟ್ಟೂ ಕುಳ್ಳ.

ಶಕ್ತಿ ಸಾಲದು ಅಂತ ಒಳಗೆ ಬರೋ ವಾಲ್ವನ್ನ ದೊಡ್ಡದು ಮಾಡಿ ಮೇಲೆ, ಹೆಡ್ಡಿಗೆ ತಂದರು. ಹೊಗೆಯ ವಾಲ್ವು ಮಾತ್ರ ಬ್ಲಾಕಿನಲ್ಲೇ ಉಳೀತು. ಈ ಹೊಸ ಎಂಜಿನ್ ಹೆಸರು "ಹರಿಕೇನ್". ಅದೇ 2.2 ಲೀಟರಿನಲ್ಲಿ 72 ಅಶ್ವಶಕ್ತಿ ಬಂತು. ಆದರೆ ಎಂಜಿನ್ ಎತ್ತರ ಆಯ್ತು, ಹಳೇ ಬಾನೆಟ್ ಮುಚ್ಚಲ್ಲ ಅಂತು! ಏನು ಮಾಡೋದು? ಇಡೀ ಗಾಡಿ ಹೊಸದಾಗಿ ವಿನ್ಯಾಸ ಮಾಡೋದರ ಬದಲು ಬಾನೆಟ್ಟನ್ನೂ ಮುಂದಿನ ಜಾಲರಿಯನ್ನೂ ಎತ್ತರಿಸಿ 1953ರಲ್ಲಿ ಮಾರುಕಟ್ಟೆಗೆ ಬಿಟ್ಟರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದಕ್ಕೆ "ವರ್ಕ್‌ಅರೌಂಡ್" ಅಂತೀವಿ. ತಾತ್ಕಾಲಿಕ ಅಂತ ಬರೆದ ಕೋಡು ಇಪ್ಪತ್ತು ವರ್ಷ ಓಡುತ್ತಲ್ಲ, ಹಾಗೇ ಆಯ್ತು ಇದರ ಕಥೆ.

ಅಮೆರಿಕದಲ್ಲಿ ಇದಕ್ಕೆ ಅಂಥಾ ಮರ್ಯಾದೆ ಸಿಗಲಿಲ್ಲ. ಎರಡೇ ವರ್ಷದಲ್ಲಿ ಚೆಂದದ ಉಬ್ಬು ಬಾನೆಟ್ಟಿನ ಸಿಜೆ-5 ಬಂದು ಎಲ್ಲರ ಕಣ್ಣು ಅದರ ಮೇಲೆ ಹೋಯ್ತು. ಆದರೂ 1968ರವರೆಗೆ ಒಟ್ಟು 1,55,494 ಸಿಜೆ-3ಬಿಗಳನ್ನ ಮಾಡಿದರು. ಇದರ ನಿಜವಾದ ಬದುಕು ಶುರುವಾಗಿದ್ದು ಬೇರೆ ದೇಶಗಳಲ್ಲಿ. ಜಪಾನಿನಲ್ಲಿ ಮಿತ್ಸುಬಿಷಿ ಕಂಪನಿ ಈ ವಂಶದ ಜೀಪನ್ನ 1998ರವರೆಗೆ ಮಾಡ್ತು. ಇನ್ನು ನಮ್ಮಲ್ಲಿ ಮಹೀಂದ್ರಾ.

1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದ "ಮಹೀಂದ್ರಾ ಅಂಡ್ ಮೊಹಮ್ಮದ್" ಕಂಪನಿಯ ಪಾಲುದಾರ ಗುಲಾಂ ಮೊಹಮ್ಮದ್ ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋದರು, ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದವರು ಹೆಸರನ್ನ "ಮಹೀಂದ್ರಾ ಅಂಡ್ ಮಹೀಂದ್ರಾ" ಅಂತ ಬದಲಿಸಿಕೊಂಡು, ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸೋಕೆ ಶುರು ಮಾಡಿದರು. ಮುಂದೆ ಸಿಜೆ-3ಬಿ ಬಂತು. ಬಿಡಿಭಾಗಗಳು ಒಂದೊಂದಾಗಿ ಇಲ್ಲೇ ತಯಾರಾದವು. ಎಂಜಿನ್ ಬದಲಾಯ್ತು, ಉದ್ದ ಬದಲಾಯ್ತು, ಸಿಜೆ 340, ಸಿಜೆ 500, ಎಂಎಂ 540 ಅಂತ ಹೆಸರೂ ಬದಲಾದವು. 2010ರಲ್ಲಿ ಥಾರ್ ಬರೋವರೆಗೂ ಈ ಮನೆತನ ನಡೀತು. ಅಂದ್ರೆ ಅಮೆರಿಕದಲ್ಲಿ ಹದಿನೈದು ವರ್ಷ ಬದುಕಿದ ಜೀಪಿನ ಸಂತಾನ ನಮ್ಮಲ್ಲಿ ಅದರ ಎರಡು ಮೂರು ಪಟ್ಟು ಕಾಲ ಬದುಕಿತು. ಯಾವ ಲೆಕ್ಕದಲ್ಲಿ ಇದು ಬರೀ ಅಮೆರಿಕದ ಗಾಡಿ ಹೇಳಿ?

ಈಗ ನಮ್ಮೂರಿಗೆ ಬರೋಣ. ನಮ್ಮ ಬಯಲು ಸೀಮೆಯಲ್ಲಿ ಯುದ್ಧ ನಡೆದಿಲ್ಲ, ನಕ್ಷತ್ರದ ಜೀಪು ಇಲ್ಲಿ ಯಾರಿಗೂ ಏನೂ ಮಾಡಿಲ್ಲ. ಭದ್ರಾ ಚಾನಲ್ ಏರಿ ಮೇಲೆ ನೀರು ಬಂತಾ ಇಲ್ವಾ ಅಂತ ನೋಡ್ಕೊಂಡು ಹೋಗ್ತಿದ್ದ ಇಲಾಖೆಯ ಜೀಪು ಇದು. ಮಲೇಬೆನ್ನೂರು ಕಡೆ ಗದ್ದೆಯ ಕೆಸರಲ್ಲಿ, ಚನ್ನಗಿರಿ ಕಡೆ ಅಡಿಕೆ ತೋಟದ ದಾರಿಯಲ್ಲಿ, ಎತ್ತಿನ ಗಾಡಿ ಹೋಗೋ ಕಡೆಯೆಲ್ಲ ಹೋಗ್ತಿದ್ದದ್ದು ಇದೇ. ಅಮಾವಾಸ್ಯೆಗೆ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಅಂತ ನಮ್ಮ ಮನೆಮಂದಿಯೆಲ್ಲ ಇಂಥದ್ದೇ ಒಂದು ಬಾಡಿಗೆ ಜೀಪಿನಲ್ಲಿ ತುಂಬಿಕೊಂಡು ಹೋಗಿದ್ದು ನನಗೆ ನೆನಪಿದೆ. ಎಷ್ಟು ಜನ ಇದ್ವಿ ಅಂತ ಹೇಳಿದ್ರೆ ಆರ್‌ಟಿಓದವರು ಈಗಲೂ ಕೇಸ್ ಹಾಕಬಹುದು, ಬಿಡಿ :-)

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಜೀಪನ್ನ ಬದುಕಿಸಿದ್ದು ಕಂಪನಿಯ ಶೋರೂಮಲ್ಲ, ನಮ್ಮ ಗ್ಯಾರೇಜು ಮತ್ತು ಲೇತ್ ಅಂಗಡಿಗಳು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ವಿಲ್ಲೀಸ್ ಜೀಪು ಹುಟ್ಟಿದ ವರ್ಷವೇ! ಅಲ್ಲಿ ಮಾಡ್ತಿದ್ದದ್ದು ಲೇತ್ ಯಂತ್ರ, ಅಂದ್ರೆ ಬೇರೆ ಯಂತ್ರಗಳ ಭಾಗಗಳನ್ನ ಮಾಡೋ ಯಂತ್ರ. 2000ದ ದಶಕದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಕೆಲಸ ಹೋಯ್ತು, ಕೈಯಲ್ಲಿದ್ದ ವಿದ್ಯೆ ಹೋಗಲಿಲ್ಲ. ಅಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಸಣ್ಣದೊಂದು ಲೇತ್ ಅಂಗಡಿ ಇಟ್ಟ ಹಿರಿಯರೊಬ್ಬರನ್ನ ನಾನು ಬಲ್ಲೆ. ಸವೆದ ಬುಶ್ ಕೈಯಲ್ಲಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಅದರ ತಮ್ಮನನ್ನ ತಿರುವಿ ಕೊಡ್ತಾರೆ. ಕ್ಯಾಟಲಾಗು, ಪಾರ್ಟ್ ನಂಬರು ಯಾವುದೂ ಬೇಡ. ವರ್ನಿಯರ್ ಇದ್ರೆ ಸಾಕು.

ಈ ಜೀಪಿನ ವಿನ್ಯಾಸವೂ ಅದಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಟನ್ನಿಗೂ ಸ್ವಲ್ಪ ಕಡಿಮೆ ತೂಕ. ಏಣಿಯಂಥಾ ಚಾಸಿಸ್, ಮುಂದೆ ಹಿಂದೆ ಲೀಫ್ ಸ್ಪ್ರಿಂಗ್, ಚಾಲಕನ ಪಕ್ಕ ಮೂರು ಕಡ್ಡಿ: ಒಂದು ಗೇರಿಗೆ, ಒಂದು ನಾಲ್ಕೂ ಚಕ್ರ ಎಳೆಯೋಕೆ, ಇನ್ನೊಂದು ಹೈ-ಲೋ ಮಾಡೋಕೆ. ಮುಂದಿನ ಗಾಜನ್ನ ಮಡಚಿ ಬಾನೆಟ್ ಮೇಲೆ ಮಲಗಿಸಬಹುದು. ಬಾನೆಟ್ ಎತ್ತಿದರೆ ಒಳಗಿರೋದೆಲ್ಲ ಕಣ್ಣಿಗೆ ಕಾಣುತ್ತೆ, ಸ್ಪ್ಯಾನರಿಗೆ ಸಿಗುತ್ತೆ. ಆ ಎತ್ತರದ ಬಾನೆಟ್ ಅಂತ ನಗ್ತೀವಲ್ಲ, ಅದರಿಂದ ಆದ ದೊಡ್ಡ ಉಪಕಾರ ಏನು ಗೊತ್ತಾ? ಒಳಗೆ ಜಾಗ! 1970ರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಈ ಜೀಪು ಸಾಕೋದು ಕಷ್ಟ ಆಯ್ತು. ಮಹೀಂದ್ರಾದವರು ಡೀಸೆಲ್ ಕಡೆ ತಿರುಗಿದರು, ಮೊದಲು ಟ್ರ್ಯಾಕ್ಟರ್ ಮೂಲದ ಎಂಜಿನ್, 1980ರ ದಶಕದಲ್ಲಿ ಪೂಜೋ ಎಂಜಿನ್. ಕಂಪನಿ ಹೊಸ ಗಾಡಿಗೆ ಮಾಡಿದ್ದನ್ನ ಗ್ಯಾರೇಜಿನವರು ಹಳೇ ಗಾಡಿಗೆ ಮಾಡಿದರು. ಹರಿಕೇನ್ ಇಳಿಸಿ ಡೀಸೆಲ್ ಕೂರಿಸಿದರು. ಅಮೆರಿಕದ ಎಂಜಿನ್ನಿಗೆ ಅಂತ ಎತ್ತರಿಸಿದ ಬಾನೆಟ್ ಕೆಳಗೆ ಎತ್ತರದ ಡೀಸೆಲ್ ಎಂಜಿನ್ ಆರಾಮಾಗಿ ಕೂತ್ಕೊಂಡಿತು.

ದಾವಣಗೆರೆಯ ಪಿ.ಬಿ. ರಸ್ತೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್‌ಗೆ "ಚಾಚಾ, ಇದರಲ್ಲಿ ಒರಿಜಿನಲ್ ಏನೇನಿದೆ?" ಅಂತ ಒಂದ್ಸಲ ಕೇಳಿದ್ದೆ. "ಚಾಸಿಸ್ ನಂಬರ್ ಒರಿಜಿನಲ್ ಐತಿ ತಮ್ಮಾ, ಉಳಿದಿದ್ದು ಅರ್ಧಕ್ಕರ್ಧ ಇಲ್ಲೇ ಹುಟ್ಟಿದ್ದು. ಅದ್ಕೇ ಇನ್ನೂ ಓಡ್ತೈತಿ" ಅಂದರು. ನನ್ನ ವಾದವೆಲ್ಲ ಇಷ್ಟೇ ನೋಡಿ.

ಈಗ ಸಮಸ್ಯೆಗೆ ಬರ್ತೀನಿ. ಮೊದಲನೇ ಸಮಸ್ಯೆ ನಮ್ಮಂಥ ಶೋಕಿದಾರರೇ. ನಿಜವಾದ ವಿಲ್ಲೀಸ್ ಸಿಗೋದು ಕಷ್ಟ, ಸಿಕ್ಕರೂ ಕೈಗೆಟುಕಲ್ಲ. ಅದಕ್ಕೆ ಹೈ ಬಾನೆಟ್ ತಗೊಂಡು, ಅದರ ಜಾಲರಿ ಕತ್ತರಿಸಿ, ಬಾನೆಟ್ ಇಳಿಸಿ, ಹಸಿರು ಬಳಿದು, ನಕ್ಷತ್ರ ಬರೆದು "1942 ಮಾಡೆಲ್" ಅಂತ ಓಡಿಸೋದು. ಇನ್ನು ಕೆಲವರು ಟ್ರ್ಯಾಕ್ಟರಿನಷ್ಟು ದಪ್ಪ ಟೈರು, ಆರು ಲೈಟು, ಎದೆ ನಡುಗಿಸೋ ಸ್ಪೀಕರು ಹಾಕ್ತಾರೆ. ಚಾನಲ್ ಏರಿ ಮೇಲೆ ಓಡಿದ ಜೀಪಿಗೆ ನಾರ್ಮಂಡಿಯ ವೇಷ ಯಾಕೆ? ನಮ್ಮಜ್ಜನ ಫೋಟೋಗೆ ಚರ್ಚಿಲ್ ಟೋಪಿ ಅಂಟಿಸಿ ಗೋಡೆಗೆ ಹಾಕ್ಕೊಂಡ ಹಾಗಲ್ವಾ?

ಎರಡನೇ ಸಮಸ್ಯೆ ಕಾನೂನು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೇಲೆ ಹೇಳಿದ ಆರು ಲೈಟಿನವರ ಮಟ್ಟಿಗೆ ಒಳ್ಳೇದೇ ಆಯ್ತು. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ಮೀರಿದ್ದಕ್ಕೆ 10,000 ಅಂತಾಯ್ತು. ಇಷ್ಟು ಕೊಡೋ ಬದಲು ಗುಜರಿಗೆ ಹಾಕೋದೇ ವಾಸಿ ಅಂತ ಹಳ್ಳಿಯ ಮಾಲೀಕರಿಗೆ ಅನಿಸಿದರೆ ತಪ್ಪೇನಿದೆ?

"ಹಳೇ ಗಾಡಿಗಳಿಗೆ ಅಂತಲೇ ವಿಂಟೇಜ್ ನಿಯಮ ಇದೆಯಲ್ಲ?" ಅಂತ ನೀವು ಕೇಳಬಹುದು. ಇದೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ್ದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ "ವಿಎ" ಅಕ್ಷರಗಳ ಪ್ರತ್ಯೇಕ ನೋಂದಣಿ ಸಿಗುತ್ತೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಯಾವುದನ್ನೂ ದೊಡ್ಡದಾಗಿ ಬದಲಿಸಿರಬಾರದು. ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ಅಂದ್ರೆ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಶ್ರೀಮಂತರ ಕಾರಿಗೆ ಮಾನ್ಯತೆ ಸಿಗುತ್ತೆ. ನಲವತ್ತು ವರ್ಷ ಭತ್ತ ಹೊತ್ತು, ಗರ್ಭಿಣಿಯರನ್ನ ಆಸ್ಪತ್ರೆಗೆ ಸೇರಿಸಿ, ಡೀಸೆಲ್ ಎಂಜಿನ್ ಹಾಕಿಸಿಕೊಂಡು ಬದುಕಿದ ಜೀಪಿಗೆ "ನೀನು ಮೂಲ ರೂಪದಲ್ಲಿಲ್ಲ" ಅಂತ ಉತ್ತರ ಸಿಗುತ್ತೆ. ದುಡಿದಿದ್ದೇ ಅದರ ತಪ್ಪು!

ಇದರಲ್ಲಿ ಇನ್ನೊಂದು ತಮಾಷೆ ಇದೆ. 2018ರಲ್ಲಿ ಮಹೀಂದ್ರಾ ಇದೇ ಮುಖದ "ರಾಕ್ಸರ್" ಅನ್ನೋ ಗಾಡಿಯನ್ನ ಅಮೆರಿಕದಲ್ಲೇ ಮಾರೋಕೆ ಹೋಯ್ತು. ಅಷ್ಟರಲ್ಲಿ ಜೀಪ್ ಹೆಸರಿನ ಮಾಲೀಕತ್ವ ಕೈಯಿಂದ ಕೈಗೆ ದಾಟಿ ಫಿಯೆಟ್ ಕ್ರೈಸ್ಲರ್ ಹತ್ತಿರ ಇತ್ತು. ಅವರು "ಇದು ನಮ್ಮ ಜೀಪಿನ ನಕಲು" ಅಂತ ದೂರು ಕೊಟ್ಟರು. ಮಹೀಂದ್ರಾ ಕೊನೆಗೆ ಗಾಡಿಯ ಮುಖ ಬದಲಿಸಬೇಕಾಯ್ತು. ಅಲ್ಲಿ ನೋಡಿದ್ರೆ ತೀರಾ ಜೀಪಿನ ಥರಾ ಇದೆ ಅಂತ ಜಗಳ, ಇಲ್ಲಿ ನೋಡಿದ್ರೆ ಒರಿಜಿನಲ್ ಥರಾ ಇಲ್ಲ ಅಂತ ತಕರಾರು. ಪಾಪ, ಕುದುರೆಮುಖ ಹೋಗೋದಾದ್ರೂ ಎಲ್ಲಿಗೆ?

ಹಾಗಂತ ಈ ಜೀಪಿನಲ್ಲಿ ಕುಂದೇ ಇಲ್ಲ ಅಂತ ನಾನು ಹೇಳಲ್ಲ. ಡೀಸೆಲ್ ಹೊಗೆ ಹೊಗೆಯೇ. ಇದರಲ್ಲಿ ಏರ್‌ಬ್ಯಾಗಿಲ್ಲ, ಬಾಗಿಲೇ ಇಲ್ಲ! ಹೆದ್ದಾರಿಯಲ್ಲಿ ಎಂಬತ್ತು ದಾಟಿದ್ರೆ ಸ್ಟೇರಿಂಗ್ ತನ್ನ ಪಾಡಿಗೆ ತಾನು ಯೋಚನೆ ಮಾಡೋಕೆ ಶುರು ಮಾಡುತ್ತೆ. ಬ್ರೇಕ್ ಹಿಡಿಯೋಕೆ ಕಾಲಿನ ಜೊತೆ ದೇವರ ದಯೆಯೂ ಬೇಕು. ದಿನಾ ಆಫೀಸಿಗೆ ಇದರಲ್ಲೇ ಹೋಗ್ತೀನಿ ಅನ್ನೋರಿಗೆ ನಾನೇ ಬೇಡ ಅಂತೀನಿ. ಪರೀಕ್ಷೆ ಮಾಡಿ, ಹೊಗೆ ಜಾಸ್ತಿ ಬಂದ್ರೆ ಓಡಿಸಬೇಡಿ ಅನ್ನಿ, ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಅನ್ನಿ, ಒಪ್ಪೋಣ. ನನ್ನ ತಕರಾರು ಇರೋದು "ಮೂಲ ರೂಪ" ಅನ್ನೋ ಒಂದೇ ಪದದ ಬಗ್ಗೆ.

ಹರಿಹರೇಶ್ವರನ ಗುಡಿ 13ನೇ ಶತಮಾನದ್ದು, ಹೊಯ್ಸಳರ ಕಾಲದ್ದು. ಆಮೇಲೆ ಬಂದವರೂ ಅದಕ್ಕೆ ಕೈ ಹಚ್ಚಿದ್ದಾರೆ, ಸೇರಿಸಿದ್ದಾರೆ, ರಿಪೇರಿ ಮಾಡಿದ್ದಾರೆ. ಅದಕ್ಕೆ ಗುಡಿಯ ಬೆಲೆ ಕಮ್ಮಿ ಆಯ್ತಾ? ಯಾರು ಯಾವಾಗ ಏನು ಮಾಡಿದರು ಅನ್ನೋದೂ ಅದರ ಚರಿತ್ರೆಯೇ. ಜೀಪಿಗೂ ಅದೇ ನ್ಯಾಯ ಸಲ್ಲಬೇಕು. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆಯೇ ಆರ್‌ಟಿಓ ಅನುಮತಿ ಪಡೆದು, ಆರ್‌ಸಿ ಪುಸ್ತಕದಲ್ಲಿ ಬರೆಸಿ ಹಾಕಿದ ಡೀಸೆಲ್ ಎಂಜಿನ್ನನ್ನ ಆ ಗಾಡಿಯ ಇತಿಹಾಸದ ಭಾಗ ಅಂತ ವಿಂಟೇಜ್ ನಿಯಮ ಒಪ್ಪಬೇಕು. ನಿನ್ನೆ ಮೊನ್ನೆ ಶೋಕಿಗೆ ಮಾಡಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಗುರುತಿಸೋದು ಕಷ್ಟವೇನಲ್ಲ, ಆರ್‌ಸಿಯಲ್ಲಿ ತಾರೀಖೇ ಇರುತ್ತೆ.

ನಿಯಮ ಬದಲಾಗೋವರೆಗೆ ನಮ್ಮ ಕೈಯಲ್ಲೇ ಇರೋ ಕೆಲಸಗಳೂ ಇವೆ. ನಿಮ್ಮ ಹತ್ತಿರ ಹೈ ಬಾನೆಟ್ ಇದ್ದರೆ ದಯವಿಟ್ಟು ಅದರ ಮುಖ ಕುಯ್ಯಿಸಬೇಡಿ. ಹಳೇ ಆರ್‌ಸಿ, ಗ್ಯಾರೇಜ್ ಚೀಟಿ ಎಸೀಬೇಡಿ. ಯಾವ ವರ್ಷ ಯಾರು ಎಂಜಿನ್ ಕೂರಿಸಿದರು, ಯಾವ ಭಾಗ ಯಾವ ಲೇತ್ ಅಂಗಡಿಯಲ್ಲಿ ತಿರುವಿದ್ದು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದನ್ನ ಮಾಡಿದ ಕೈಗಳಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಗ್ಯಾರೇಜಿಗೆ ಬರ್ತಿಲ್ಲ, ಬೆಂಗಳೂರಿನಲ್ಲಿ ನನ್ನ ಹಾಗೆ ಕೀಬೋರ್ಡ್ ಕುಟ್ಟುತ್ತಿದ್ದಾರೆ. ಜೀಪಿನ ಜೊತೆ ಆ ವಿದ್ಯೆಯೂ ಹೋಗುತ್ತೆ, ಹೋದಮೇಲೆ ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಸಿಗಲ್ಲ.

ಮುಂದಿನ ಸಲ ಎಲ್ಲಾದರೂ ಆ ಉದ್ದ ಮುಖದ ಜೀಪು ಕಂಡರೆ ಒಂದು ಫೋಟೋ ತೆಗೀರಿ. ಮಾಲೀಕರು ಇದ್ದರೆ ಬಾನೆಟ್ ಎತ್ತಿ ತೋರಿಸಿ ಅಂತ ಕೇಳಿ. ಖಂಡಿತ ತೋರಿಸ್ತಾರೆ, ಕಥೆಯನ್ನೂ ಹೇಳ್ತಾರೆ, ನಿಮಗೆ ಟೈಮ್ ಇರಬೇಕು ಅಷ್ಟೇ. ಏನಂತೀರಿ?