ಡೋಲಿಗೆ ಚಪ್ಪಾಳೆ, ಕೊರಗನಿಗೆ ಅಂಗಳದಾಚೆ!



ನವೆಂಬರ್ ಒಂದು ಹತ್ತಿರ ಬಂತೆಂದರೆ ನಮ್ಮ ಸಂಘಗಳಲ್ಲಿ ಮೆರವಣಿಗೆಯ ಪಟ್ಟಿ ತಯಾರಾಗುತ್ತದೆ. ಡೊಳ್ಳು ಕುಣಿತ ಇರಲಿ, ವೀರಗಾಸೆ ಇರಲಿ, ಕರಾವಳಿಯಿಂದ ಕೊರಗರ ಡೋಲೂ ಬರಲಿ ಎನ್ನುತ್ತೇವೆ. ಡೋಲು ಬರುತ್ತದೆ, ಕೊಳಲು ಬರುತ್ತದೆ. ಭುವನೇಶ್ವರಿಯ ರಥದ ಮುಂದೆ ಅವರು ಬಾರಿಸುತ್ತಾ ಕುಣಿಯುತ್ತಾರೆ. ನಾವು ಶಿಳ್ಳೆ ಹೊಡೆದು ಮನೆಗೆ ಹೋಗುತ್ತೇವೆ. ಆ ಡೋಲನ್ನು ಹೊತ್ತು ಬಂದವರು ಯಾರು, ಅವರ ಹೆಗಲಿಗೆ ಅದನ್ನು ಏರಿಸಿದವರು ಯಾರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕೊರಗರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಯ ಮೂಲನಿವಾಸಿಗಳು. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವುದು ಅವರ ಕುಲಕಸುಬು. ಅತ್ಯಂತ ದುರ್ಬಲ ಬುಡಕಟ್ಟುಗಳೆಂದು ಸರ್ಕಾರವೇ ಗುರುತಿಸಿರುವ ಪಟ್ಟಿಯಲ್ಲಿ ಕರ್ನಾಟಕದವು ಎರಡೇ: ಜೇನುಕುರುಬರು ಮತ್ತು ಕೊರಗರು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಕೊರಗರ ಸಂಖ್ಯೆ 15 ಸಾವಿರವನ್ನೂ ಮುಟ್ಟಲಿಲ್ಲ. ಇಷ್ಟೇ ಜನ!

ಇವರ ಡೋಲಿಗೆ ಎರಡು ಚರಿತ್ರೆಗಳಿವೆ. ಒಂದು, ಅವರದೇ ಮದುವೆಯಲ್ಲಿ, ಹಬ್ಬದಲ್ಲಿ, ಅವರದೇ ಅಂಗಳದಲ್ಲಿ ಕೊಳಲಿನ ಜೊತೆಗೂಡಿ ಕುಣಿಸಿದ ಡೋಲು. ಇನ್ನೊಂದು, ಊರಿನವರ ಕೆಲಸಕ್ಕೆ, ಊರಿನವರು ಕರೆದಾಗ, ದೂರದಲ್ಲಿ ನಿಂತು ಬಾರಿಸಲೇಬೇಕಾಗಿದ್ದ ಡೋಲು. ಈ ಎರಡನೆಯದರ ಹೆಸರು ಅಜಲು.

ಅಜಲು ಎಂದರೇನು ಗೊತ್ತೇ? ಕಂಬಳದ ಹಿಂದಿನ ರಾತ್ರಿ ಕೊರಗರು ಬಯಲಿನ ಮಂಜಿನಲ್ಲಿ ಕುಳಿತು ಬೆಳಗಿನವರೆಗೆ ಡೋಲು ಬಾರಿಸಬೇಕಿತ್ತು. ಕೋಣಗಳು ಗದ್ದೆಗೆ ಇಳಿಯುವ ಮೊದಲು ಕೋಣಗಳಂತೆ ಕೊರಗರೇ ಕೆಸರಿನಲ್ಲಿ ಓಡಬೇಕಿತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ, ಮನೆಯವರ ರೋಗ-ರುಜಿನ, ದೋಷ ಅವರ ಮೇಲೆ ಹೋಯಿತೆಂದು ನಂಬುವವರಿದ್ದರು. ಇದು ಯಾವುದೋ ರಾಜರ ಕಾಲದ ಕಥೆಯಲ್ಲ ಸ್ವಾಮಿ. ಇದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ ಕಾಯ್ದೆ ತಂದದ್ದು 2000ನೇ ಇಸವಿಯಲ್ಲಿ! ಕೋಣದಂತೆ ಓಡಿಸುವುದು, ಕೂದಲು-ಉಗುರು ಬೆರೆಸಿ ತಿನ್ನಿಸುವುದು, ದುಡಿಸಿಕೊಂಡು ಕೂಲಿ ಕೊಡದಿರುವುದು ಅಥವಾ ಬೇರೆಯವರಿಗಿಂತ ಕಡಿಮೆ ಕೊಡುವುದು, ಎಲ್ಲವೂ ಆ ಅಜಲು ನಿಷೇಧ ಕಾಯ್ದೆಯ ಪ್ರಕಾರ ಅಪರಾಧ.

ಇನ್ನೊಂದು ವಿಪರ್ಯಾಸ ನೋಡಿ. ಕರಾವಳಿಯ ಮನೆಮನೆಯಲ್ಲಿ ಕೊರಗಜ್ಜನಿಗೆ ಹರಕೆ ಹೊರುತ್ತಾರೆ. ಕಳೆದುಹೋದದ್ದು ಸಿಗಲಿ ಎಂದು ಕಳ್ಳು, ಚಕ್ಕುಲಿ, ವೀಳ್ಯ ಇಡುತ್ತಾರೆ. ಆ ಅಜ್ಜ ಯಾರು? ಕೊರಗ ತನಿಯ ಎಂಬ ಕೊರಗರ ಹುಡುಗ. ಸತ್ತ ಕೊರಗನಿಗೆ ಕೈಮುಗಿದು, ಬದುಕಿರುವ ಕೊರಗನನ್ನು ಹಿತ್ತಿಲಲ್ಲಿ ನಿಲ್ಲಿಸುವುದು ಯಾವ ಭಕ್ತಿ?

2021ರ ಡಿಸೆಂಬರ್ ತಿಂಗಳು. ಉಡುಪಿ ಜಿಲ್ಲೆಯ ಕೋಟತಟ್ಟು. ಕೊರಗ ಕಾಲೊನಿಯೊಂದರಲ್ಲಿ ಮದುವೆಯ ಮೆಹಂದಿ. ಡಿಜೆ ಸದ್ದು ಜಾಸ್ತಿಯಾಯಿತೆಂದು ಬಂದ ಪೊಲೀಸರು ಲಾಠಿ ಬೀಸಿದರೆಂಬ ಸುದ್ದಿ ನಾಡಿಗೆಲ್ಲ ಹಬ್ಬಿತು. ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ಊರವರ ಸಂಭ್ರಮಕ್ಕೆ ರಾತ್ರಿಯಿಡೀ ಬಾರಿಸು ಎಂದು ತಲೆಮಾರುಗಟ್ಟಲೆ ಅಪ್ಪಣೆ ಹೊರಡಿಸಿದ ಸಮಾಜವಿದು. ತಮ್ಮದೇ ಮದುವೆಯ ಮನೆಯಲ್ಲಿ ಒಂದು ರಾತ್ರಿ ಸದ್ದು ಮಾಡಿದ್ದಕ್ಕೆ ಅವರಿಗೆ ಸಿಕ್ಕಿದ್ದು ಲಾಠಿ!

'ಹಾಗಾದರೆ ಡೋಲು ನಿಂತುಹೋಗಲಿ ಎನ್ನುತ್ತೀರಾ? ಕಲೆ ಸಾಯುವುದಿಲ್ಲವೇ?' ಎಂದು ನೀವು ಕೇಳಬಹುದು. ಅಜಲಿನ ನೆನಪಿನಿಂದಲೇ ಡೋಲು ಮುಟ್ಟಲು ಒಲ್ಲೆ ಎನ್ನುವ ಕೊರಗ ಯುವಕರಿದ್ದಾರೆ. ಬಾರಿಸು ಎಂದು ಅವರಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ಆದರೆ ಆಗಸ್ಟ್ 18ರಂದು ಕರಾವಳಿಯ ಕಡೆ ಹೋಗಿ ನೋಡಿ. ಅಂದು ಕೊರಗರ ಭೂಮಿ ಹಬ್ಬ. ಭೂಮಿಯ ಹಕ್ಕಿಗಾಗಿ ತಾವು ನಡೆಸಿದ ಹೋರಾಟದ ನೆನಪಿಗೆ ತಾವೇ ಕಟ್ಟಿಕೊಂಡ ಹಬ್ಬ. ಅಲ್ಲಿಯೂ ಡೋಲು ಮೊಳಗುತ್ತದೆ, ಕೊಳಲು ಕೇಳುತ್ತದೆ. ಯಾರ ಅಪ್ಪಣೆಯೂ ಇಲ್ಲ, ಯಾರ ದೋಷ ಕಳೆಯಲಿಕ್ಕೂ ಅಲ್ಲ. ವಾದ್ಯ ಅದೇ, ಕೈ ಅದೇ. ಆದರೆ ಒಲ್ಲೆ ಎನ್ನುವ ಸ್ವಾತಂತ್ರ್ಯ ಇದ್ದವನು ಒಪ್ಪಿ ಬಾರಿಸಿದಾಗ ಮಾತ್ರ ಡೋಲು ಕಲೆ. ಇಲ್ಲದಿದ್ದರೆ ಅದು ಬಿಟ್ಟಿ ಚಾಕರಿ.

ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೂ ಎರಡೂವರೆ ಎಕರೆ ಭೂಮಿ ಕೊಡಿ ಎಂದಿತ್ತು. ಅದು ಸಿಕ್ಕದ ಕುಟುಂಬಗಳು ಇಂದಿಗೂ ಇವೆ. ಕಲೆ ಉಳಿಸಿ ಎಂದು ಭಾಷಣ ಮಾಡುವ ಮಂತ್ರಿಮಹೋದಯರು ಮೊದಲು ಇದಕ್ಕೆ ಉತ್ತರ ಹೇಳಲಿ. ಕಾಲೂರಲು ನೆಲವಿಲ್ಲದವನು ಕುಣಿಯುವುದಾದರೂ ಎಲ್ಲಿ?

ಭಾಷೆಗಾಗಿ ಬೀದಿಗಿಳಿಯುವ ನಮಗೆ ಇನ್ನೊಂದು ಮಾತು. ಕೊರಗರಿಗೆ ತಮ್ಮದೇ ಆದ ದ್ರಾವಿಡ ನುಡಿಯೊಂದಿದೆ. ಕನ್ನಡದ ಹಿರಿಯ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಅದನ್ನು ಅಧ್ಯಯನ ಮಾಡಿ 1971ರಲ್ಲೇ ಪುಸ್ತಕ ಪ್ರಕಟಿಸಿದರು. ಇಂದು ಆ ನುಡಿ ಆಡುವವರು ಕಡಿಮೆಯಾಗುತ್ತಿದ್ದಾರೆ. ದಿಲ್ಲಿಯವರು ಕನ್ನಡವನ್ನು ಕಡೆಗಣಿಸಿದರೆ ನಮ್ಮ ರಕ್ತ ಕುದಿಯುತ್ತದೆ. ನಮ್ಮ ಮಗ್ಗುಲಲ್ಲೇ ಒಂದು ಸಣ್ಣ ನುಡಿ ಉಸಿರು ಕಟ್ಟುತ್ತಿದ್ದರೆ ಕಿವುಡರಾಗುತ್ತೇವೆ. ಇದು ಕನ್ನಡತನವಲ್ಲ.

ಆದ್ದರಿಂದ ಗೆಳೆಯರೇ, ಈ ಸಲ ಮೆರವಣಿಗೆಯ ಪಟ್ಟಿ ಮಾಡುವಾಗ ಇಷ್ಟು ಮಾಡಿ. ಕೊರಗರನ್ನು ಕರೆಯುವ ಮೊದಲು ಬರಲು ಇಷ್ಟವೇ ಎಂದು ಕೇಳಿ. ಸಂಭಾವನೆ ಎಷ್ಟೆಂದು ಅವರೇ ಹೇಳಲಿ, ಬೇರೆ ತಂಡಗಳಿಗಿಂತ ಒಂದು ರೂಪಾಯಿಯೂ ಕಡಿಮೆಯಾಗಕೂಡದು. ಕರಪತ್ರದಲ್ಲಿ ಕಲಾವಿದರ ಹೆಸರು ಹಾಕಿಸಿ. ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿ. ವೇದಿಕೆಯ ಮೇಲೆ ಕೊರಗರೊಬ್ಬರಿಗೆ ಮೈಕು ಕೊಟ್ಟು, ಅವರ ನುಡಿಯಲ್ಲಿ ನಾಲ್ಕು ಮಾತು ಕೇಳಿ. ಊರಲ್ಲಿ ಎಲ್ಲಾದರೂ ಅಜಲು ನಡೆಯುತ್ತಿದ್ದರೆ ಕಣ್ಣು ಮುಚ್ಚಿಕೊಳ್ಳಬೇಡಿ, ದೂರು ಕೊಡಿ.

ಇಷ್ಟೂ ಆಗದಿದ್ದರೆ ದಯವಿಟ್ಟು ಡೋಲನ್ನು ಕರೆಯಬೇಡಿ. ತಾಯಿ ಭುವನೇಶ್ವರಿಗೆ ಅಜಲಿನ ಸೇವೆ ಬೇಕಾಗಿಲ್ಲ.