ಗೇಣು ಹುಲ್ಲು, ಆಳುದ್ದ ಬೇರು

ಹುಲ್ಲೆಂದರೆ ಎಲ್ಲರಿಗೂ ತಾತ್ಸಾರ. ಕಡತದಲ್ಲಿ ಹುಲ್ಲುಗಾವಲಿನ ಎದುರು ‘ಬೀಳು’ ಎಂದು ನಾನೇ ಬರೆದದ್ದುಂಟು. ವಾಚಕರು ಉತ್ತರ ಅಮೆರಿಕೆಯ ಪ್ರೇರಿ ಬಯಲಿನ ಕಥೆಯನ್ನೊಮ್ಮೆ ಕೇಳಬೇಕು. ಅಲ್ಲಿ ಮಳೆ ಕಡಿಮೆ. ಚಳಿಗಾಲಕ್ಕೆ ಹಿಮ, ಬೇಸಗೆಗೆ ಉರಿಬಿಸಿಲು, ಸಾಲದ್ದಕ್ಕೆ ಕಾಳ್ಗಿಚ್ಚು. ಇಷ್ಟಾದರೂ ಹುಲ್ಲು ಸಾಯದು. ಗೇಣುದ್ದದ ಹುಲ್ಲಿಗೂ ನೆಲದೊಳಗೆ ಆಳುದ್ದದ ಬೇರು! ಕೋಟಿಗಟ್ಟಲೆ ಬೈಸನ್ ಎಂಬ ಕಾಡುದನಗಳು ಮೇಯ್ದರೂ ಮತ್ತೆ ಚಿಗುರುತ್ತಿತ್ತು. ಬಿಳಿಯರ ಬಂದೂಕಿಗೆ ಸಿಕ್ಕು 1889ರ ಹೊತ್ತಿಗೆ ಅವುಗಳಲ್ಲಿ ಉಳಿದದ್ದು ಸುಮಾರು 1,000. ಬಳಿಕ ಹುಲ್ಲಿನ ಸರದಿ. ಟ್ರ್ಯಾಕ್ಟರು ಹೂಡಿ, ಬೇರು ಕಿತ್ತು, ಗೋಧಿ ಬಿತ್ತಿದರು. ಕೆಲವು ವರ್ಷ ಕಣಜ ತುಂಬಿತೆನ್ನಿ. 1930ರ ದಶಕದಲ್ಲಿ ಮಳೆ ತಪ್ಪಿತು, ಮಣ್ಣನ್ನು ಹಿಡಿಯುವವರಿಲ್ಲ. 1935ರ ಏಪ್ರಿಲ್ 14, ಭಾನುವಾರ, ಎದ್ದ ಧೂಳಿಗೆ ಹಗಲೇ ಕತ್ತಲಾಯಿತು. ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿ ಊರು ಬಿಟ್ಟವು.