ಓಡಿದವರ ಕೈಗೆ ವಿಷಲ್ ಬರುವುದೆಂದು?

ಓಟಗಾರರ ಆಯುಸ್ಸು ಗಿಡ್ಡ. ಮೂವತ್ತರ ಆಚೆ ಈಚೆ ಮೊಣಕಾಲು ರಾಜೀನಾಮೆ ಕೊಡುತ್ತೆ. ಆಮೇಲೇನು?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳಕೊಂಡರು. ಓಟ ಬಿಟ್ಟ ಮೇಲೆ 2002ರಲ್ಲಿ ಕೇರಳದಲ್ಲಿ ಶಾಲೆ ತೆರೆದರು. ಅಲ್ಲಿ ಪಳಗಿದ ಟಿಂಟು ಲೂಕಾ 2015ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 800 ಮೀಟರ್ ಚಿನ್ನ ಗೆದ್ದರು. ನಮ್ಮ ಪಕ್ಕದ ಕೊಡಗಿನ ಅಶ್ವಿನಿ ನಾಚಪ್ಪನವರೂ 1988ರ ಅರ್ಜುನ ಪ್ರಶಸ್ತಿಯನ್ನು ಗೋಡೆಗೆ ನೇತುಹಾಕಿ ಕೂರಲಿಲ್ಲ, ಗೋಣಿಕೊಪ್ಪಲಿನ ಬಳಿ ಆಟ-ಪಾಠ ಎರಡೂ ಇರುವ ಶಾಲೆ ಕಟ್ಟಿದರು.

ಇವರಿಗೆ ಹೆಸರಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ರಾಜ್ಯಮಟ್ಟಕ್ಕೆ ಓಡಿ ಬಂದವರಿಗೆ ಏನಿದೆ? ಓಡಿದ ಮಾತ್ರಕ್ಕೆ ಓಡಿಸಲು ಬರೋದಿಲ್ಲ, ಅದನ್ನೂ ಕಲೀಬೇಕು. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರ ಡಿಪ್ಲೊಮಾ ಕೊಡುತ್ತೆ. ಆದರೆ ಕೋರ್ಸು ಮುಗಿಸಿ ಬಂದರೆ ತಾಲ್ಲೂಕಿನಲ್ಲಿ ಕೆಲಸ ಕೊಡೋರು ಯಾರು?

ಅತ್ತ, ಶಾಲೆ ಬಿಟ್ಟ ಹುಡುಗಿ ಅಭ್ಯಾಸಕ್ಕೆಂದು ಮೂವತ್ತು-ನಲವತ್ತು ಕಿಲೋಮೀಟರ್ ದೂರದ ಹಾಸನಕ್ಕೆ ಬಸ್ಸು ಹಿಡಿದರೆ ಮನೆ ಸೇರೋದು ಕತ್ತಲಾದ ಮೇಲೆ. ಓಡಿ ಬಲ್ಲವರು ಊರಲ್ಲೇ ಇದ್ದಾರೆ. ಕೋರ್ಸಿಗೆ ಕಳಿಸಿ, ಸಂಜೆ ಎರಡು ಗಂಟೆಯ ಕೆಲಸಕ್ಕೆ ಸಂಬಳ ಕೊಟ್ಟರೆ ಸಾಕು. ಕಪ್ಪು ಹಂಚಿ ಫೋಟೋ ಹೊಡೆಸಿಕೊಳ್ಳುವ ದೊಡ್ಡವರು ಇಷ್ಟು ಮಾಡಲಾರರೇ?